ಖನ್ನಾ ಅವರ ಸಪ್ಪೆ ಗದ್ಯ

ತೀರ್ಪನ್ನು ಸಾಹಿತ್ಯವೆಂದು ಓದಬಹುದೇ ಎಂದು ಕೇಳುವವರ ಮುಂದೆ, ಜಬಲ್ಪುರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1976ರ ಏಪ್ರಿಲ್ 28ರಂದು ಕೊಟ್ಟ ತೀರ್ಪುಗಳನ್ನು ನಾನು ಇಡುತ್ತೇನೆ. ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಸೆರೆಯಾದವನು ನ್ಯಾಯಾಲಯದ ಬಾಗಿಲು ತಟ್ಟಬಹುದೇ ಎಂಬುದು ಪ್ರಶ್ನೆ. ಐವರಲ್ಲಿ ನಾಲ್ವರು ಕೂಡದೆಂದರು. ಅವರ ಬರವಣಿಗೆಯಲ್ಲಿ ಪಾಂಡಿತ್ಯವಿದೆ, ಅಲಂಕಾರವಿದೆ. ಮೊದಲ ಓದಿಗೆ ನಾನೂ ಮಾರುಹೋಗಿದ್ದೆ. ಸೆರೆಯಾಳುಗಳ ವಿಷಯದಲ್ಲಿ ಸರ್ಕಾರದ ಕಾಳಜಿ ಬಹುಮಟ್ಟಿಗೆ ತಾಯಿಯದೆಂದು ನ್ಯಾಯಮೂರ್ತಿ ಬೇಗ್ ಬರೆದರು. ಉಪಮೆ ಸತ್ಯವನ್ನು ಎಷ್ಟು ಚೆನ್ನಾಗಿ ಮುಚ್ಚಬಲ್ಲುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಎಚ್. ಆರ್. ಖನ್ನಾ ಅವರ ಭಿನ್ನಮತ ಸಪ್ಪೆಯೆನ್ನುವಷ್ಟು ಸರಳ. ವಾದದ ನಡುವೆ ಅವರು ಅಟಾರ್ನಿ ಜನರಲ್ಲರನ್ನು ಕೇಳಿದ ಪ್ರಶ್ನೆಯೂ ಹಾಗೆಯೇ: ಅಧಿಕಾರಿಯೊಬ್ಬ ಹಗೆಯಿಂದ ಪ್ರಾಣವನ್ನೇ ತೆಗೆದರೆ ಪರಿಹಾರವುಂಟೇ? ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲವೆಂಬ ಉತ್ತರ ಬಂದಿತು. ಆ ಉತ್ತರವನ್ನು ಕೇಳಿದ ಮೇಲೆ ಖನ್ನಾ ಮಾತಿನ ಮರೆಗೆ ಸರಿಯಲಿಲ್ಲ.

1977ರಲ್ಲಿ ಅವರನ್ನು ದಾಟಿಸಿ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಗಳನ್ನಾಗಿ ಮಾಡಲಾಯಿತು, ಖನ್ನಾ ರಾಜೀನಾಮೆಯಿತ್ತರು. ಬಹುಮತದ ಆ ತೀರ್ಪನ್ನು ಅದೇ ನ್ಯಾಯಾಲಯ ತಳ್ಳಿಹಾಕಿದ್ದು 2017ರಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ.

ಗೆಲುವಿನ ಸುಳಿವೇ ಇಲ್ಲದಾಗಲೂ ಕೇಳಬೇಕಾದುದನ್ನು ಕೇಳಿ, ಕಂಡುದನ್ನು ಕಂಡಂತೆ ಬರೆಯುವುದು ನ್ಯಾಯಾಧೀಶನ ಹೊಣೆ. ಮೊದಲ ಓದಿನಲ್ಲಿ ನಾನು ಸಪ್ಪೆಯೆಂದದ್ದು ಆ ನಿಷ್ಠೆಯನ್ನು.