ಎರಡು ನಿಮಿಷದ ಸೆಟಪ್

ಜಾವಾಸ್ಕ್ರಿಪ್ಟ್ ಕಲಿಸೋ ಗೈಡುಗಳ ಮೊದಲ ಪುಟ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಟರ್ಮಿನಲ್ ತೆಗೀರಿ, ಈ ಮೂರು ಸಾಲು ಹಾಕಿ, ಎರಡು ನಿಮಿಷದಲ್ಲಿ ವೆಬ್ ಆ್ಯಪ್ ಓಡುತ್ತೆ. ಬರೆದವರ ಮ್ಯಾಕ್‌ನಲ್ಲಿ ಓಡಿರುತ್ತೆ, ಅದರಲ್ಲಿ ಸುಳ್ಳಿಲ್ಲ. ಆದರೆ ನಮ್ಮ ಬದನಗುಪ್ಪೆಯಿಂದ ಚಾಮರಾಜನಗರಕ್ಕೆ ಕಾಲೇಜಿಗೆ ಹೋಗಿಬರೋ ಮಕ್ಕಳ ಹತ್ತಿರ ನಾನು ನೋಡಿರೋದೆಲ್ಲ ವಿಂಡೋಸ್ ಲ್ಯಾಪ್‌ಟಾಪು, 4 ಜಿಬಿ ರ್‍ಯಾಮು, ಮೊಬೈಲ್ ಹಾಟ್‌ಸ್ಪಾಟು. ಆ ಪುಟ ಬರೆಯುವಾಗ ಇವರು ಯಾರ ಕಣ್ಣ ಮುಂದೆಯೂ ಇರಲಿಲ್ಲ ಅನ್ನೋದೇ ನನ್ನ ತಕರಾರು.

ನೋಡ್ ಜೆಎಸ್ ಇನ್‌ಸ್ಟಾಲ್ ಆಯ್ತು ಅನ್ನಿ. ಪವರ್‌ಶೆಲ್ ತೆಗೆದು ಎನ್‌ಪಿಎಂ ಅಂತ ಹೊಡೆದರೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಕೆಂಪಕ್ಷರದಲ್ಲಿ ಒಂದು ಪ್ಯಾರಾ ಬರುತ್ತೆ: ಈ ಸಿಸ್ಟಂನಲ್ಲಿ ಸ್ಕ್ರಿಪ್ಟ್ ನಡೆಸೋ ಹಾಗಿಲ್ಲ, ಅಂತ. ಇನ್‌ಸ್ಟಾಲ್ ಏನೂ ಕೆಟ್ಟಿರಲ್ಲ. ವಿಂಡೋಸ್ ಪವರ್‌ಶೆಲ್ ಸ್ಕ್ರಿಪ್ಟುಗಳಿಗೆ ಮೊದಲಿಂದಲೇ ಬೀಗ ಹಾಕಿಟ್ಟಿರುತ್ತೆ, ಎನ್‌ಪಿಎಂ ಅಲ್ಲಿ ಅಂಥದೊಂದು ಸ್ಕ್ರಿಪ್ಟಾಗಿ ಕೂತಿರುತ್ತೆ, ಅಷ್ಟೇ. ಅದೇ ಸಾಲನ್ನು ಹಳೇ ಕಮಾಂಡ್ ಪ್ರಾಂಪ್ಟಲ್ಲಿ ಹೊಡೆದರೆ ಓಡುತ್ತೆ. ಗೈಡಲ್ಲಿ ಒಂದು ಸಾಲಿನ ಕೆಲಸ. ಅದಿಲ್ಲದೆ ನಮ್ಮೂರ ಹುಡುಗಿಯೊಬ್ಬಳು ಫೋನ್ ಮಾಡಿ, "ನಂಗೆ ಕೋಡಿಂಗ್ ಬರಲ್ಲ ಕಣಣ್ಣ, ಬಿಟ್‌ಬುಡ್ತೀನಿ" ಅಂದಳು. ಅವಳಿನ್ನೂ ಒಂದು ಸಾಲು ಕೋಡ್ ಕೂಡ ಬರೆದಿರಲಿಲ್ಲ!

ಇದಕ್ಕೊಂದು ಹಿನ್ನೆಲೆ ಇದೆ. ರಯಾನ್ ಡಾಲ್ 2009ರಲ್ಲಿ ನೋಡ್ ಹೊರತಂದಾಗ ಅದು ಲಿನಕ್ಸ್ ಮತ್ತು ಮ್ಯಾಕ್‌ನವರ ಕೂಸು. ವಿಂಡೋಸ್‌ಗೆ ಸರಿಯಾಗಿ ಬಂದದ್ದು 2011ರಲ್ಲಿ, ಮೈಕ್ರೋಸಾಫ್ಟ್ ಕೈಜೋಡಿಸಿದ ಮೇಲೆ. ಆ ಎರಡನೇ ಪಂಕ್ತಿಯ ಊಟ ಇವತ್ತಿಗೂ ನಡೆದಿದೆ. ನೋಡ್‌ನ ಆವೃತ್ತಿ ಬದಲಿಸೋಕೆ ಎಲ್ಲರೂ ಹೇಳೋ ಎನ್‌ವಿಎಂ ವಿಂಡೋಸ್‌ನಲ್ಲಿ ನೇರವಾಗಿ ಓಡಲ್ಲ. ಅಲ್ಲಿ ಸಿಗೋ ಎನ್‌ವಿಎಂ ಬೇರೆಯವರು ಬರೆದ ಬೇರೆಯದೇ ಪ್ರೋಗ್ರಾಮು, ಟೈಪ್ ಮಾಡೋ ಹೆಸರು ಮಾತ್ರ ಒಂದೇ. ಎರಡರ ಗೈಡನ್ನೂ ಬೆರೆಸಿ ಓದಿದವರ ಪಾಡು ಕೇಳಬೇಡಿ.

ಬಲ್ಲವರ ಹತ್ತಿರ ಇದಕ್ಕೆ ಸಿದ್ಧ ಉತ್ತರವಿದೆ: ಡಬ್ಲ್ಯೂಎಸ್‌ಎಲ್ ಹಾಕ್ಕೊಳ್ಳಿ, ವಿಂಡೋಸ್ ಒಳಗೇ ಲಿನಕ್ಸ್ ಸಿಗುತ್ತೆ. ಒಳ್ಳೇದೇ, ನಾನೂ ಬಳಸ್ತೀನಿ. ಆದರೆ 2019ರಲ್ಲಿ ಬಂದ ಅದರ ಎರಡನೇ ಆವೃತ್ತಿ ಒಂದು ವರ್ಚುವಲ್ ಮೆಷಿನ್ನು. ಬಯಾಸ್‌ಗೆ ಹೋಗಿ ಸೆಟ್ಟಿಂಗ್ ಬದಲಿಸಬೇಕಾಗಬಹುದು. ಎಡಿಟರು, ಬ್ರೌಸರು, ಅದರ ಮೇಲೆ ಇದೂ ಸೇರಿದರೆ 4 ಜಿಬಿ ಏದುಸಿರು ಬಿಡುತ್ತೆ. ಪ್ರಾಜೆಕ್ಟನ್ನ ಸಿ ಡ್ರೈವಲ್ಲೇ ಬಿಟ್ಟು ಅಲ್ಲಿಂದ ನಡೆಸಿದರೆ ಇನ್ನೂ ಆಮೆವೇಗ.

ಮ್ಯಾಕ್‌ನವರೂ ಪೂರ್ತಿ ಪಾರಾಗಿಲ್ಲ ಬಿಡಿ. ಫೈಲ್ ಹೆಸರು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಶುರುವಾಗಿ, ಇಂಪೋರ್ಟ್ ಸಾಲಲ್ಲಿ ಅದೇ ಚಿಕ್ಕಕ್ಷರ ಆಗಿದ್ದರೆ ವಿಂಡೋಸೂ ಮ್ಯಾಕೂ ಸಾಮಾನ್ಯವಾಗಿ ಸುಮ್ಮನಿರುತ್ತವೆ. ಲಿನಕ್ಸ್ ಸರ್ವರಿಗೆ ಏರಿಸಿದ ದಿನ ಆ ಫೈಲೇ ಇಲ್ಲ ಅನ್ನುತ್ತೆ.

ಗೈಡ್ ಬರೆಯೋರು ಮೂರೂ ಸಿಸ್ಟಂ ಕೊಂಡು ಪರೀಕ್ಷೆ ಮಾಡಲಿ ಅಂತ ನಾನು ಕೇಳ್ತಿಲ್ಲ. ಯಾವ ಓಎಸ್‌ನಲ್ಲಿ ಮಾಡಿ ನೋಡಿದ್ದೀರಿ, ನೋಡ್‌ನ ಯಾವ ಆವೃತ್ತಿ, ಒಟ್ಟು ಎಷ್ಟು ಎಂಬಿ ಡೌನ್‌ಲೋಡ್ ಆಗುತ್ತೆ, ಇಷ್ಟನ್ನು ಮೇಲೆ ಬರೆದುಬಿಡಿ. ಕೊನೆಯದನ್ನಂತೂ ನಾನು ನೋಡಿದ ಯಾವ ಗೈಡೂ ಬರೆದಿಲ್ಲ.