ಹೆಸರು ಕೇಳದ ಅಭಿಮಾನ: ‘ಸುಡಾನಿ ಫ್ರಮ್ ನೈಜೀರಿಯಾ’ ಚಿತ್ರದ ಒಂದು ವಿಮರ್ಶೆ

ಬಸವಕಲ್ಯಾಣ, ಹುಮನಾಬಾದ್ ಭಾಗದ ಜನಕ್ಕೆ ಕಾಲ್ಚೆಂಡಾಟದ ಹುಚ್ಚು ಅಷ್ಟಾಗಿ ಅಂಟಿಲ್ಲ. ಇಲ್ಲಿ ಜನ ಮುಗಿಬೀಳುವುದು ಜಾತ್ರೆಯ ಕುಸ್ತಿಗೆ ಮತ್ತು ಬಯಲಿನ ಕ್ರಿಕೆಟ್ಟಿಗೆ. ಆದರೂ 2018ರಲ್ಲಿ ತೆರೆಕಂಡ ‘ಸುಡಾನಿ ಫ್ರಮ್ ನೈಜೀರಿಯಾ’ ಎಂಬ ಮಲಯಾಳ ಚಿತ್ರವು ಇಲ್ಲಿನ ಕುಟುಂಬಗಳು ಕೂಡಿ ನೋಡಿ ವಿಚಾರ ಮಾಡಬೇಕಾದ ಕೃತಿಯಾಗಿದೆ. ದುಡಿದು ಉಣ್ಣುವ ಬಡಮನೆಯೊಂದು ಪರದೇಶಿಯೊಬ್ಬನನ್ನು ಹೇಗೆ ನಡೆಸಿಕೊಂಡಿತು ಎಂಬುದೇ ಅದರ ತಿರುಳು.

ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ‘ಸೆವೆನ್ಸ್’ ಎಂಬ ಆಟ ಬಹು ಜನಪ್ರಿಯ. ಒಂದು ತಂಡಕ್ಕೆ ಹನ್ನೊಂದು ಮಂದಿಯ ಬದಲು ಏಳೇ ಮಂದಿ. ಸಣ್ಣ ಮೈದಾನ, ತಾತ್ಕಾಲಿಕ ಅಟ್ಟಣಿಗೆ, ಟಿಕೆಟ್ ಕೊಂಡು ಬರುವ ಸಾವಿರಾರು ಜನ. ಊರಿನ ತಂಡಗಳು ಆಫ್ರಿಕಾ ಖಂಡದ ಆಟಗಾರರನ್ನು ಹಣ ಕೊಟ್ಟು ಕರೆತರುತ್ತವೆ. ಜಕರಿಯಾ ಮೊಹಮ್ಮದ್ ತಮ್ಮ ಈ ಮೊದಲ ಚಿತ್ರದಲ್ಲಿ ಅಂಥದೊಂದು ತಂಡದ ವ್ಯವಸ್ಥಾಪಕ ಮಜೀದನ ಕಥೆಯನ್ನು ನಗೆಯೊಡನೆ ಹೇಳಿದ್ದಾರೆ. ಮಜೀದನಿಗೆ ಕೈಯಲ್ಲಿ ಕಾಸಿಲ್ಲ, ಹೆಣ್ಣು ಕೊಡುವವರಿಲ್ಲ, ಆಟವೊಂದೇ ಪ್ರಾಣ. ಅವನ ತಂಡದ ನೈಜೀರಿಯಾದ ಆಟಗಾರ ಸ್ಯಾಮ್ಯುಯೆಲ್ ಬಿದ್ದು ಕಾಲು ಮುರಿದುಕೊಂಡಾಗ, ಆಸ್ಪತ್ರೆಯ ಖರ್ಚು ಭರಿಸಲಾರದೆ ಮಜೀದ್ ಅವನನ್ನು ತನ್ನ ಮನೆಗೇ ಕರೆತರುತ್ತಾನೆ.

ಚಿತ್ರದ ಹೆಸರಿನಲ್ಲಿಯೇ ಅದರ ವಿಮರ್ಶೆ ಅಡಗಿದೆ. ನೈಜೀರಿಯಾದವನು ಸುಡಾನಿ ಹೇಗಾದಾನು? ಆದರೆ ಆ ಊರಿನವರ ಬಾಯಲ್ಲಿ ಕಪ್ಪು ಮೈಬಣ್ಣದ ಆಟಗಾರರೆಲ್ಲರೂ ‘ಸುಡಾನಿ’ಗಳೇ. ಅವನು ಗೋಲು ಹೊಡೆದಾಗ ಹೆಗಲ ಮೇಲೆ ಹೊತ್ತು ಕುಣಿಯುವ ಜನರಿಗೆ ಅವನ ದೇಶ ಯಾವುದೆಂದು ಕೇಳುವ ವ್ಯವಧಾನವಿಲ್ಲ. ಅಭಿಮಾನವು ಎಷ್ಟು ಉತ್ಕಟವಾಗಿದ್ದರೂ ಪರಿಚಯಕ್ಕೆ ಸಮನಲ್ಲ ಎಂಬ ಮಾತನ್ನು ನಿರ್ದೇಶಕರು ಉಪದೇಶವಿಲ್ಲದೆ, ನಗಿಸುತ್ತಲೇ ಮನಗಾಣಿಸುತ್ತಾರೆ.

ನಿಜವಾದ ಪರಿಚಯ ನಡೆಯುವುದು ಮನೆಯೊಳಗೆ. ಮಜೀದನ ತಾಯಿ ಜಮೀಲಾ ಮತ್ತು ಆಕೆಯ ಗೆಳತಿ ಬೀಯುಮ್ಮ, ಇಬ್ಬರಿಗೂ ಅತಿಥಿಯ ಭಾಷೆ ಬಾರದು. ಅನ್ನ, ಔಷಧ, ಸನ್ನೆ, ಸಣ್ಣ ಗದರಿಕೆ, ಇಷ್ಟರಲ್ಲೇ ಅವನು ಮನೆಯ ಮಗನಾಗುತ್ತಾನೆ. ರೋಗಿಗಳ ಶುಶ್ರೂಷೆಯನ್ನು ವೈಯಾವೃತ್ಯವೆಂದು ಕರೆದು ಅಂತರಂಗ ತಪಸ್ಸಿನಲ್ಲಿ ಎಣಿಸಿದ ಪರಂಪರೆಯವರಿಗೆ ಈ ದೃಶ್ಯಗಳ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ರಂಗಭೂಮಿಯ ಹಿರಿಯ ಕಲಾವಿದೆಯರಾದ ಸಾವಿತ್ರಿ ಶ್ರೀಧರನ್ ಮತ್ತು ಸರಸಾ ಬಾಲುಶ್ಶೇರಿ ಈ ಪಾತ್ರಗಳನ್ನು ಅಭಿನಯವೇ ಅಲ್ಲವೆನ್ನುವಷ್ಟು ಸಹಜವಾಗಿ ನಿರ್ವಹಿಸಿದ್ದಾರೆ. ಚಿತ್ರಕ್ಕೆ ಅತ್ಯುತ್ತಮ ಮಲಯಾಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಸಾವಿತ್ರಿಯವರಿಗೆ ವಿಶೇಷ ಉಲ್ಲೇಖವೂ ದೊರೆತುದು ಯೋಗ್ಯವೇ ಆಗಿದೆ.

ಆದರೆ ಚಿತ್ರದ ಅತ್ಯಂತ ಸೂಕ್ಷ್ಮವಾದ ಪ್ರಶ್ನೆ ಬೇರೊಂದಿದೆ. ಪರದೇಶಿಗೆ ಹಾಸಿಗೆ ಹಾಸಿಕೊಟ್ಟ ಮಜೀದನು ತಾಯಿಯ ಎರಡನೆಯ ಗಂಡನೊಡನೆ ಮಾತನ್ನೇ ಆಡುವುದಿಲ್ಲ. ಕಾವಲುಗಾರನ ಕೆಲಸ ಮಾಡುವ ಆ ವೃದ್ಧ, ಮನೆಗೆ ಬಂದರೂ ಹೊರಗಿನವನಂತೆ ಸಂಕೋಚದಿಂದಲೇ ಇದ್ದು ಹೋಗುತ್ತಾನೆ. ದೂರದವನಿಗೆ ತೋರಿದ ಕರುಣೆಯಲ್ಲಿ ಹೆಮ್ಮೆಯೂ ಉಂಟು, ಊರವರ ಮೆಚ್ಚುಗೆಯೂ ಉಂಟು. ಮನೆಯೊಳಗಿನ ಬೇಡವಾದವನಿಗೆ ತೋರಬೇಕಾದ ಕರುಣೆಗೆ ಅವೆರಡೂ ಇಲ್ಲ. ಆದುದರಿಂದಲೇ ಅದು ಕಠಿಣ. ಸ್ಯಾಮ್ಯುಯೆಲನನ್ನು ಬೀಳ್ಕೊಟ್ಟ ಬಳಿಕ ಮಜೀದನ ಮನಸ್ಸು ಆ ವೃದ್ಧನ ಕಡೆಗೆ ತಿರುಗುವುದರಲ್ಲಿ ಕಥೆ ಸಾರ್ಥಕವಾಗುತ್ತದೆ.

ದೋಷಗಳಿಲ್ಲವೆಂದಲ್ಲ. ಸ್ಯಾಮ್ಯುಯೆಲನ ಪೂರ್ವಕಥೆ, ಅವನ ಕಷ್ಟಕಾರ್ಪಣ್ಯಗಳು ಅವಸರದಲ್ಲಿ ಮುಗಿದುಹೋಗುತ್ತವೆ. ಇಬ್ಬರು ತಾಯಂದಿರ ದುಡಿಮೆಗೆ ಆಯಾಸವೇ ಇಲ್ಲವೆಂಬಂತೆ ಚಿತ್ರ ನಡೆದುಕೊಳ್ಳುತ್ತದೆ; ಹೆಂಗಸರ ತ್ಯಾಗವನ್ನು ಕೊಂಡಾಡಿ, ಅದರ ಭಾರವನ್ನು ಮರೆಯುವ ಹಳೆಯ ರೂಢಿ ಇಲ್ಲಿಯೂ ಉಳಿದಿದೆ. ತೆರೆಯ ಹೊರಗೂ ಒಂದು ಪ್ರಸಂಗ ನಡೆಯಿತು. ಸ್ಯಾಮ್ಯುಯೆಲನ ಪಾತ್ರ ವಹಿಸಿದ ನೈಜೀರಿಯಾದ ನಟ ಸ್ಯಾಮ್ಯುಯೆಲ್ ಅಬಿಯೋಲಾ ರಾಬಿನ್‌ಸನ್, ವರ್ಣಭೇದದಿಂದಾಗಿ ತಮಗೆ ಸಂಭಾವನೆ ಕಡಿಮೆಯಾಯಿತೆಂದು 2018ರಲ್ಲಿ ದೂರಿದರು. ನಿರ್ಮಾಪಕರು ಅದನ್ನು ಒಪ್ಪಲಿಲ್ಲ. ಬಳಿಕ ಹಣದ ವಿಷಯ ಇತ್ಯರ್ಥವಾಗಿ, ಅದು ವರ್ಣಭೇದವಲ್ಲವೆಂದು ನಟರೇ ಹೇಳಿದರು. ವಿವಾದ ಮುಗಿದರೂ ಅದು ಎತ್ತಿದ ಪ್ರಶ್ನೆ ಉಳಿಯುತ್ತದೆ: ಅತಿಥಿಯೂ ಆಗಿ ಕೆಲಸಗಾರನೂ ಆದವನಿಗೆ ಪ್ರೀತಿ ಸಲ್ಲಿಸಿದ ಮಾತ್ರಕ್ಕೆ ಕೂಲಿಯ ಲೆಕ್ಕ ಮುಗಿಯುವುದೇ?

ಈ ಪ್ರಶ್ನೆ ಮಲಪ್ಪುರಂಗೆ ಮಾತ್ರ ಸೇರಿದ್ದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಕಾಶ್ಮೀರದಿಂದ ಬಂದು ಸೌದೆ ಮಾರಿ ಬದುಕಿದನೆಂದು ಮೋಳಿಗೆಯ ಮಾರಯ್ಯನ ಬಗ್ಗೆ ಐತಿಹ್ಯವಿದೆ. ಇಂದು ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಹುಮನಾಬಾದಿನಿಂದ ದುಡಿಮೆ ಅರಸಿ ಹೊರಡುವವರುಂಟು. ಹೊರಗಿನಿಂದ ಬರುವವರೂ ಉಂಟು. ಯಾವ ರಾಜ್ಯದಿಂದ ಬಂದರೂ ಅವನು ‘ಬಿಹಾರಿ’. ಅಡುಗೆಗೆ ಬಂದವನು ಕೇವಲ ‘ಮಹಾರಾಜ್’. ಬಸದಿಯ ಜೀರ್ಣೋದ್ಧಾರಕ್ಕೆ ಕಲ್ಲು ಕೆತ್ತುವವನ ಉಳಿಯ ಕೆಲಸವನ್ನು ಎಲ್ಲರೂ ಮೆಚ್ಚುತ್ತಾರೆ. ಅವನ ಹೆಸರು ಕೇಳುವವರು ವಿರಳ.

ಅಂಥವನೊಬ್ಬ ಅಟ್ಟಣಿಗೆಯಿಂದ ಬಿದ್ದರೆ ಅವನ ಔಷಧದ ಖರ್ಚು ಯಾರದು, ಕೆಲಸವಿಲ್ಲದ ದಿನಗಳ ಕೂಲಿ ಯಾರದು, ಅವನ ಮನೆಗೆ ಸುದ್ದಿ ಮುಟ್ಟಿಸುವವರು ಯಾರು? ಕಾಮಗಾರಿ ಆರಂಭಿಸುವ ಮುನ್ನವೇ ವಿಶ್ವಸ್ತ ಮಂಡಳಿಗಳು ಇದನ್ನು ಬರಹದಲ್ಲಿ ನಿಶ್ಚಯಿಸಿಕೊಳ್ಳುವುದು ಉಚಿತ. ಮನೆಗಳಲ್ಲಿಯಾದರೋ, ಮೊದಲು ಹೆಸರು ಕೇಳಿದರೆ ಸಾಕು. ಉಳಿದ ಕರ್ತವ್ಯ ತಾನಾಗಿಯೇ ನೆನಪಾಗುತ್ತದೆ.