ಒಂದೇ ಹಳಿಯ ಮೇಲೆ ಓಡಿದ ರೈಲು

ದೆಹಲಿಯ ಚಾಣಕ್ಯಪುರಿಯಲ್ಲಿರುವ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯಕ್ಕೆ ಬಂದವರು ಸಾಮಾನ್ಯವಾಗಿ ದೈತ್ಯ ಎಂಜಿನ್‌ಗಳ ಕಡೆಗೇ ಮೊದಲು ಹೆಜ್ಜೆ ಹಾಕುತ್ತಾರೆ. ಬಂಗಾಳ ನಾಗಪುರ ರೈಲ್ವೆಯ ಗ್ಯಾರೆಟ್ ಎಂಜಿನ್ ಎದುರು ಯಾರಾದರೂ ಕತ್ತೆತ್ತಿ ನಿಲ್ಲಲೇಬೇಕು. ಅದರ ತೂಕ 200 ಟನ್ನಿಗೂ ಹೆಚ್ಚು.

ಆದರೆ ಇಲ್ಲಿನ ನಿಜವಾದ ಅಪೂರ್ವ ವಸ್ತು ಪಟಿಯಾಲದ ಪುಟ್ಟ ಮಾನೊರೈಲು.

1907ರಲ್ಲಿ ಪಟಿಯಾಲ ಸಂಸ್ಥಾನದಲ್ಲಿ ಆರಂಭವಾದ ಇದಕ್ಕೆ ಹಳಿ ಒಂದೇ. ಬಗ್ಗಿ ನೋಡಿದರೆ ಗುಟ್ಟು ತಿಳಿಯುತ್ತದೆ. ಎರಡೂ ಅಂಚುಗಳಲ್ಲಿ ಏಣುಗಳಿರುವ ಚಕ್ರಗಳು ಹಳಿಯನ್ನು ಕಚ್ಚಿ ಹಿಡಿದು ಬಹುಪಾಲು ಭಾರ ಹೊರುತ್ತವೆ. ಪಕ್ಕಕ್ಕೆ ಚಾಚಿದ ದೊಡ್ಡ ಚಕ್ರ ರಸ್ತೆಯ ಮೇಲೆಯೇ ಉರುಳುತ್ತಾ ಗಾಡಿ ವಾಲದಂತೆ ಕಾಯುತ್ತದೆ. ಹಳಿಯ ಖರ್ಚು ಉಳಿಯಿತು, ಇದ್ದ ರಸ್ತೆಯೂ ಬಳಕೆಗೆ ಬಂತು. ಎಷ್ಟು ಸರಳ, ಎಷ್ಟು ಜಾಣ ಉಪಾಯ! ಮೊದಲು ಹೇಸರಗತ್ತೆಗಳು ಇದನ್ನು ಎಳೆದವು. ಆಮೇಲೆ ಬರ್ಲಿನ್ನಿನ ಒರೆನ್‌ಸ್ಟೈನ್ ಅಂಡ್ ಕೊಪ್ಪೆಲ್ ಕಂಪನಿಯ ಉಗಿ ಎಂಜಿನ್‌ಗಳು ಬಂದವು. ಮೋಟಾರು ವಾಹನಗಳ ಪೈಪೋಟಿ ತಾಳಲಾರದೆ 1927ರಲ್ಲಿ ಓಡಾಟ ನಿಂತಿತು. ದಶಕಗಳ ಕಾಲ ಮೂಲೆಗುಂಪಾಗಿದ್ದ ಎಂಜಿನನ್ನು 1960ರ ದಶಕದಲ್ಲಿ ಗುರುತಿಸಿದವರು ರೈಲು ಇತಿಹಾಸಕಾರ ಮೈಕ್ ಸ್ಯಾಟೊ. ಅಮೃತಸರದ ರೈಲ್ವೆ ಕಾರ್ಯಾಗಾರದ ಕೈಗಳು ಅದಕ್ಕೆ ಮತ್ತೆ ಜೀವ ತುಂಬಿದವು. ಆ ಕೆಲಸಗಾರರಿಗೆ ಎಷ್ಟು ವಂದಿಸಿದರೂ ಕಡಿಮೆಯೇ.

ಕನ್ನಡಿಗರು ಹುಡುಕಿಕೊಂಡು ಹೋಗಬೇಕಾದ ಇನ್ನೊಂದು ವಸ್ತುವಿದೆ: 1899ರಲ್ಲಿ ತಯಾರಾದ ಮೈಸೂರು ಮಹಾರಾಜರ ಸಲೂನ್ ಬೋಗಿ. ಅದರ ತೇಗದ ಕೆಲಸವನ್ನು ಕಿಟಕಿಯಿಂದ ಇಣುಕಿಯಾದರೂ ನೋಡಬೇಕು.

ಹೊರಡುವ ಮುನ್ನ ವಾರ ನೋಡಿಕೊಳ್ಳಿ. ಸೋಮವಾರ ವಸ್ತುಸಂಗ್ರಹಾಲಯಕ್ಕೆ ರಜೆ.